ಮದುವೆಯ ಚಾಳೀಸು

ನಮ್ಮ ಊರಿನಲ್ಲಿ ಸೂರ್ಯ ನಡುನೆತ್ತಿಗೆ ಬಂದ ಮೇಲೆ ನಿಲ್ಲುತ್ತಾನೆ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ, ಒಂದು ದಿನ ಇದ್ದು ಹೋದ ಮೇಲೆ ನಗುವುದಿಲ್ಲ. ಎಷ್ಟು ಹೊತ್ತು ನಿಲ್ಲುತ್ತಾನೆಂದು ಹೇಳಲು ಬಾರದು. ಒಮ್ಮೊಮ್ಮೆ ಒಂದು ಸಣ್ಣ ನಿದ್ದೆಯಷ್ಟು. ಬೇಸಿಗೆಯಲ್ಲಾದರೆ ಎರಡು ನಿದ್ದೆ ಮುಗಿಸಿ ಎದ್ದು ಚಹಾ ಕುಡಿದರೂ ನೆರಳು ಪಾದದ ಕೆಳಗೇ ಇರುತ್ತದೆ. ಅದಕ್ಕೆ ನಿಲುಗಡೆ ಎನ್ನುತ್ತೇವೆ. ನಿಲುಗಡೆ ಶುರುವಾದ ಕೂಡಲೇ ಕೋಳಿಗಳು ಬುಟ್ಟಿಯೊಳಗೆ, ನಾಯಿಗಳು ಗಟಾರದ ತಂಪಿಗೆ, ಶಾಲೆಯ ಮಕ್ಕಳು ಮನೆಗೆ. ಗೋಡೆ ಗಡಿಯಾರದ ಲೋಲಕವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಸೂರ್ಯ ಹೊರಳಿದ ಮೇಲೆ ಮತ್ತೆ ತೂಗಿಬಿಡುವುದು ಮನೆಯ ಹಿರಿಯರ ಕೆಲಸ. ಮದುವೆಗಳೆಲ್ಲ ಆ ಹೊತ್ತಿನಲ್ಲೇ ಆಗುತ್ತವೆ, ಮುಹೂರ್ತ ಮೀರುವ ಗಡಿಬಿಡಿ ಇರುವುದಿಲ್ಲವಲ್ಲ.

ತಾಳಿ, ಅಕ್ಕಿಕಾಳು ಎಲ್ಲ ಇದ್ದದ್ದೇ. ಆದರೆ ಗಂಡು ಹೆಣ್ಣಿಗೆ, ಹೆಣ್ಣು ಗಂಡಿಗೆ ಕಪ್ಪು ಕನ್ನಡಕ ಏರಿಸಿದ ಮೇಲೇ ನಮ್ಮಲ್ಲಿ ಮದುವೆ ಆಯಿತು ಎನ್ನುವುದು. ಆಡುಮಾತಿನಲ್ಲಿ ಅದು ಚಾಳೀಸು. ಅವತ್ತು ಏರಿದ ಚಾಳೀಸು ಕೊನೆಯ ತನಕ. ಕಾಲು ಮುರಿದರೆ ದಾರ ಕಟ್ಟಿಕೊಳ್ಳುತ್ತಾರೆ, ಗಾಜು ಗೀಚಿದರೆ ತಲೆ ಓರೆ ಮಾಡಿ ನೋಡುತ್ತಾರೆ, ಬದಲಿಸುವುದಿಲ್ಲ.

ಸಾವಂತ್ರಕ್ಕನಿಗೆ ನಲವತ್ತು ದಾಟಿದರೂ ಅಂಥ ಚಾಳೀಸು ಏರಿರಲಿಲ್ಲ. ಊರ ಅಂಚಿನ ಸುಣ್ಣಕಲ್ಲಿನ ಬಯಲಿನಲ್ಲಿ ಅವಳ ಹಪ್ಪಳದ ಕೆಲಸ. ನಿಲುಗಡೆಗೆ ಮುಂಚೆ ಹರಡಿದ ಹಪ್ಪಳ ಸೂರ್ಯ ಹೊರಳುವಷ್ಟರಲ್ಲಿ ಗರಿಗರಿಯಾಗಿ ಏಳುತ್ತಿತ್ತು. ನಾನೂ ಇನ್ನು ಕೆಲವು ಹೆಂಗಸರೂ ಅವಳ ಕೈಕೆಳಗೆ ದುಡಿಯುತ್ತಿದ್ದೆವು. ಅವಳು ಅಗಲ ಅಂಚಿನ ಈಚಲ ಟೊಪ್ಪಿಗೆ ಹಾಕಿಕೊಂಡು, ಅದರ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಬಯಲಿನ ತುಂಬ ಓಡಾಡುವಳು. ಮದುವೆ ಯಾಕೆ ಆಗಿಲ್ಲವೆಂದು ಯಾರಾದರೂ ಕೇಳಿದರೆ, "ಇನ್ನೂ ನೋಡಾಕತ್ತೀನಿ" ಎನ್ನುವಳು, ಸಂತೆಯಲ್ಲಿ ಬದನೆಕಾಯಿ ಹೊರಳಿಸಿ ನೋಡುವವಳ ಹಾಗೆ. ಅದರಲ್ಲಿ ದುಃಖವಾಗಲಿ ನಾಚಿಕೆಯಾಗಲಿ ಇರಲಿಲ್ಲ.

ಆ ನೋಡುವಿಕೆ ಮುಗಿದದ್ದು ಬಸಲಿಂಗಪ್ಪನನ್ನು ಕಂಡ ಮೇಲೆ. ಅವನು ನಮ್ಮ ಊರಿಗಿರುವ ಒಂದೇ ಬಸ್ಸಿನ ಡ್ರೈವರ್. ಹೊರಗಿನ ಊರುಗಳಲ್ಲಿ ಸೂರ್ಯ ನಿಲ್ಲುವುದಿಲ್ಲವಾದ್ದರಿಂದ ಬಸ್ಸು ನಮ್ಮ ನಿಲುಗಡೆಗೆ ಕಾಯುವುದಿಲ್ಲ. ಊರೆಲ್ಲ ಕದ ಮುಚ್ಚಿ ಮಲಗಿದ್ದಾಗ ಅವನು ಬಿಳಿ ಕಲ್ಲಿನ ಗಣಿಯ ನಡುವಿನ ದಾರಿಯಲ್ಲಿ, ಕನ್ನಡಿಯೊಳಗೆ ಓಡಿಸಿದಂತೆ ಬಸ್ಸು ಓಡಿಸಿಕೊಂಡು ಬರುತ್ತಿದ್ದ. ಹೆಂಡತಿ ಶಿವಗಂಗಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಕಸ್ತೂರಿ ಬೆಳೆದು ಅದೇ ಬಸ್ಸಿನ ಕಂಡಕ್ಟರ್ ಆಗಿದ್ದಳು. ನಮ್ಮ ಹಪ್ಪಳದ ಮೂಟೆಗಳು ಆ ಬಸ್ಸಿನ ಮೇಲೇ ಹೋಗಬೇಕು. ಬಸಲಿಂಗಪ್ಪ ಒಂದು ದಿನವೂ ಮೂಟೆ ಎಸೆದವನಲ್ಲ. ಮಲಗಿದ ಕೂಸನ್ನು ಎತ್ತಿದ ಹಾಗೆ ಎತ್ತಿ ಇಡುತ್ತಿದ್ದ. ಸಾವಂತ್ರಕ್ಕ ಒಂದು ಹಂಗಾಮು ಪೂರ್ತಿ ಇದನ್ನು ನೋಡಿದಳು. ಆಮೇಲೆ ಒಂದು ಮಧ್ಯಾಹ್ನ ಡ್ರೈವರ್ ಬಾಗಿಲಿನ ಹತ್ತಿರ ಹೋಗಿ ನಿಂತು, ನಮ್ಮೆಲ್ಲರ ಎದುರಿಗೇ ಕೇಳಿದಳು.

"ಬಸಲಿಂಗಪ್ಪ, ನಿಮ್ಮನ್ನ ಮದುವಿ ಆಗಬೇಕಂತ ಮಾಡೀನಿ. ನಿಮ್ಮ ವಿಚಾರ ಏನು?"

ಅವನು ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ. "ನಾಳೆ ಬಂದಾಗ ಹೇಳಿದರ ನಡೀತೈತೇನ್ರಿ?" ಎಂದ.

"ಆರಾಮ ಹೇಳ್ರಿ."

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಮೂಟೆಗಳನ್ನೆಲ್ಲ ಏರಿಸಿದ ಮೇಲೆ, "ಆತ್ರಿ" ಎಂದಷ್ಟೇ ಹೇಳಿ ಬಸ್ಸು ಬಿಟ್ಟುಕೊಂಡು ಹೋದ. ಸಾವಂತ್ರಕ್ಕ ನಮ್ಮ ಕಡೆ ತಿರುಗಿ, "ಏನ ನೋಡತೀರಿ? ಹಪ್ಪಳ ಮಗಚಿ ಹಾಕ್ರಿ" ಎಂದಳು. ಅವಳ ಮುಖ ಮಾತ್ರ ಹೊಳೆಯುತ್ತಿತ್ತು.

ಅವನ ಕಣ್ಣನ್ನು ಅವಳು ಮೊದಲು ನೋಡಿದ್ದು ನಮ್ಮ ಹಪ್ಪಳದ ಕೊಟ್ಟಿಗೆಯ ನೆರಳಿನಲ್ಲಿ. ನೀರು ಕುಡಿದು ಮುಖ ಒರೆಸಿಕೊಳ್ಳಲು ಅವನು ಚಾಳೀಸು ತೆಗೆದಿದ್ದ. ಬಲಗಣ್ಣು ಕೆಂಪಾಗಿತ್ತು. ಮೂಗಿನ ಕಡೆಯ ಮೂಲೆಯಿಂದ ಗುಲಾಬಿ ಬಣ್ಣದ ತೆಳ್ಳನೆಯ ಪೊರೆಯೊಂದು ಚಿಟ್ಟೆಯ ರೆಕ್ಕೆಯ ಹಾಗೆ ಕರಿಗುಡ್ಡೆಯ ಅಂಚಿನ ತನಕ ಬೆಳೆದುಕೊಂಡಿತ್ತು.

"ಇದೇನ್ರಿ?"

"ದುರ್ಮಾಂಸ ಅಂತಾರ್ರಿ. ಬಿಸಲಾಗ ಇರೋರಿಗೆ ಬರತೈತಂತ. ಮೆಲ್ಲಕ ಬೆಳ್ಯಾಕತ್ತೈತಿ. ಗುಡ್ಡಿ ಮುಚ್ಚಿತಂದ್ರ ಸ್ಟೇರಿಂಗ್ ಬಿಡಬೇಕಾಗತೈತಿ ಅಂದಾರ."

ಅವನು ಅದನ್ನು ಮಳೆ ಬರಬಹುದು ಎನ್ನುವಷ್ಟು ಸಾವಧಾನವಾಗಿ ಹೇಳಿದ. ಹೇಳಿ ಚಾಳೀಸು ಮತ್ತೆ ಏರಿಸಿಕೊಂಡ. ಎರಡು ಸಣ್ಣ ದುಂಡು ಗಾಜು, ಇದ್ದಿಲಿನಷ್ಟು ಕಪ್ಪು. ಪಕ್ಕದಿಂದ ನೋಡಿದರೆ ಗಾಜಿಗೂ ಕಣ್ಣಿಗೂ ನಡುವೆ ಬೆಳಕು ಹರಿದಾಡುತ್ತಿತ್ತು.

"ಈ ಚಾಳೀಸು ನಿಮ್ಮ ಕಣ್ಣ ಕಾಯವಲ್ದು ಅನಸತೈತಿ" ಎಂದಳು ಸಾವಂತ್ರಕ್ಕ.

"ಇದು ಶಿವಗಂಗಾ ಹಾಕಿದ್ದು" ಎಂದ ಅವನು.

ಮದುವೆಯ ಮಾತಿಗೆ ಓಣಿಯ ಹಿರಿಯರು ಕೂತಾಗಲೂ ಇದೇ ಬಂತು. ಎರಡನೆಯ ಸಂಬಂಧದಲ್ಲಿ ಹೆಣ್ಣು ಮಾಲೆ ಹಾಕಿದರೆ ಸಾಕು, ಗಂಡಿನ ಮೊದಲ ಚಾಳೀಸು ಹಾಗೇ ಇರಲಿ, ನಡೆದುಬಂದದ್ದು ಹಾಗೆ ಎಂದರು. ಕಸ್ತೂರಿ ಒಂದು ಮೂಲೆಯಲ್ಲಿ ನಿಂತಿದ್ದವಳು ಸಾವಂತ್ರಕ್ಕನನ್ನೇ ನೋಡುತ್ತ, "ಅಪ್ಪ ಮದುವಿ ಆಗಲಿ, ನನಗ ಸಂತೋಷನ. ಆದರ ಅವ್ವನ ಚಾಳೀಸಿಗೆ ಯಾರೂ ಕೈ ಹಚ್ಚಬಾರದು" ಎಂದಳು. ಇವತ್ತು ಸಾವಂತ್ರಕ್ಕ ಜಗಳ ತೆಗೆಯುತ್ತಾಳೆ ಎಂದುಕೊಂಡೆ. ಅವಳು ತೆಗೆಯಲಿಲ್ಲ. "ಕಸ್ತೂರಿ, ಸೋಮವಾರ ನಿಮ್ಮ ಬಸ್ಸಿಗೆ ರಜಾ ಅಲ್ಲ? ನಾವು ಎಲ್ಲಾರೂ ಕೂಡಿ ಕಣ್ಣಿನ ದವಾಖಾನಿಗೆ ಹೋಗಿ ಬರೂಣು. ನೋಡೂದರಾಗ ಏನ ತಪ್ಪೈತಿ?" ಎಂದಳು. ಕಸ್ತೂರಿ ಒಪ್ಪಿದಳು, ಸೋಮವಾರ ನಾನೂ ಅವರ ಜೊತೆ ಹೋದೆ.

ದವಾಖಾನೆಯ ಡಾಕ್ಟರ್ ವಿಜಯಮಾಲಾ ಬಾಯಿ ಮೊದಲು ಬಸಲಿಂಗಪ್ಪನ ಕಣ್ಣು ನೋಡಿದರು, ಆಮೇಲೆ ಚಾಳೀಸು ಕೇಳಿದರು. ಅವನು ಎರಡೂ ಕೈಯಿಂದ ಕೊಟ್ಟ. ಮೇಜಿನ ಮೇಲೆ ಸಣ್ಣ ಯಂತ್ರವಿತ್ತು, ಗಾಜನ್ನು ಅದರ ಬಾಯಿಯಲ್ಲಿ ಇಟ್ಟು ಗುಂಡಿ ಒತ್ತಿದರೆ ಯಾವ ಕಿರಣ ಎಷ್ಟು ದಾಟುತ್ತದೆಂದು ತೋರಿಸುವಂಥದ್ದು. ಡಾಕ್ಟರ್ ಎರಡು ಸಲ ಒತ್ತಿ ನೋಡಿ, ತಮ್ಮ ಕನ್ನಡಕವನ್ನೂ ತೆಗೆದಿಟ್ಟು ನೋಡಿದರು.

"ಕರೀ ಗಾಜು ಕಣ್ಣಿಗೆ ಛಲೋ ಅಂತ ನಾವೆಲ್ಲ ತಿಳಕೊಂಡಿರತೀವಿ" ಎಂದರು. "ಕಪ್ಪು ತಡಿಯೂದು ಕಾಣೂ ಬೆಳಕನ್ನ. ಕಣ್ಣ ಕೆಡಿಸೋ ನೇರಳಾತೀತ ಕಿರಣ ಬ್ಯಾರೆ, ಅವು ಕಾಣಂಗಿಲ್ಲ. ಅದನ್ನ ತಡಿಯೋ ಗುಣ ಗಾಜಿನಾಗ ಇರಬೇಕು, ಬಣ್ಣದಾಗ ಅಲ್ಲ. ಇದರಾಗ ಆ ಗುಣ ಇಲ್ಲ. ಮ್ಯಾಲೆ, ಕತ್ತಲಾತು ಅಂತ ಕಣ್ಣಿನ ಪಾಪಿ ಅಗಲ ಆಗತೈತಿ. ಬಾಗಲಾ ತೆಗದು ಕಳ್ಳನ್ನ ಒಳಗ ಕರದಂಗ ಆತು. ಪಕ್ಕದಿಂದ ಬರೋದು ಇನ್ನೊಂದು."

"ಅಂದ್ರ ನಮ್ಮವ್ವ ಅಪ್ಪನ ಕಣ್ಣ ಕೆಡಿಸ್ಯಾಳ ಅಂತೀರೇನು?" ಕಸ್ತೂರಿ ಮೇಜಿನ ಹತ್ತಿರ ಬಂದು ಕೇಳಿದಳು.

ಡಾಕ್ಟರಿಗಿಂತ ಮೊದಲು ಸಾವಂತ್ರಕ್ಕ ಹೇಳಿದಳು. "ಇಲ್ಲ ಮಗಳ. ನಿಮ್ಮವ್ವ ಆಗ ಊರಾಗ ಸಿಗತಿದ್ದ ಎಲ್ಲಾದರಾಗ ಕರೀದು ಹುಡುಕಿ ತಂದಾಳ. ನಿಮ್ಮಪ್ಪಗ ಬಿಸಲು ಬಡೀಬಾರದು ಅಂತ ತಂದಾಳ. ಈ ಮಾತು ಅಕಿಗೆ ಗೊತ್ತಾಗಿದ್ದರ ಅಕಿನ ಮೊದಲು ಇದನ್ನ ಕಿತ್ತು ಒಗೀತಿದ್ಲು."

"ನಮ್ಮವ್ವ ಏನ ಮಾಡತಿದ್ಲು ಅಂತ ನಿಮಗ ಹೆಂಗ ಗೊತ್ತು? ನೀವು ಅಕಿ ಕೂಡ ಒಂದು ಮಾತೂ ಆಡಿಲ್ಲ" ಎಂದು ಕಸ್ತೂರಿ ಹೊರಗೆ ನಡೆದಳು.

ಬಸಲಿಂಗಪ್ಪ ಯಂತ್ರದೊಳಗಿನಿಂದ ಚಾಳೀಸು ತೆಗೆದುಕೊಂಡು, ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡ. ಮಗಳ ಹಿಂದೆ ಹೋದ.

ನನಗೆ ಮದುವೆ ಮುರಿಯಿತು ಅನಿಸಿತು. ಸಾವಂತ್ರಕ್ಕ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಬಾಯಾರ, ಡ್ರೈವಿಂಗ್ ಮಾಡೋ ಗಂಡಸಿಗೆ ಚಾಳೀಸು ಹೆಂಗ ಆರಸಬೇಕು? ನನಗ ಸರಿಯಾಗಿ ಹೇಳ್ರಿ" ಎಂದಳು. ಡಾಕ್ಟರ್ ಹೇಳುತ್ತ ಹೋದರು, ಇವಳು ಅರ್ಥವಾಗದ ಕಡೆ ತಡೆದು ಮತ್ತೆ ಕೇಳುತ್ತ ಹೋದಳು. ಆ ಕಿರಣ ತಡೆಯುವ ಗುರುತಾಗಿ ಯು.ವಿ. ನಾನೂರು ಎಂದು ಬರೆದಿರಬೇಕು, ಬರೆದದ್ದನ್ನೂ ನಂಬದೆ ಯಂತ್ರದಲ್ಲಿ ನೋಡಿಕೊಳ್ಳಬೇಕು. ಗಾಜು ಹುಬ್ಬಿನಿಂದ ಕೆನ್ನೆಯ ತನಕ ಮುಚ್ಚಬೇಕು, ಪಕ್ಕಕ್ಕೆ ಬಾಗಿರಬೇಕು. ಬಹಳ ಕಪ್ಪು ಬೇಡ, ದಾರಿ ಕಾಣಬೇಕು. ಕಂದು ಇಲ್ಲವೇ ಬೂದು ಬಣ್ಣವಾದರೆ ಸಿಗ್ನಲ್ ದೀಪದ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಪೋಲರೈಸ್ಡ್ ಎಂಬ ಗಾಜು ಬಿಳಿ ಕಲ್ಲಿನ ಝಳಪು ಕಡಿಮೆ ಮಾಡುತ್ತದೆ, ಆದರೆ ಅದೊಂದೇ ಇದ್ದರೆ ಆ ಕಾಣದ ಕಿರಣ ನಿಲ್ಲುವುದೆಂದು ಹೇಳಲಾಗದು, ಎರಡೂ ಗುಣ ಬೇಕು.

ದಾರಿಯಲ್ಲಿ ನಾನು, "ಅಕ್ಕಾ, ಅವರು ಹಾಕ್ಕೊಳ್ಳದಿದ್ದರ?" ಎಂದೆ.

"ಹಾಕ್ಕೊಳ್ಳೂದು ಬಿಡೂದು ಅವರಿಗೆ ಸೇರಿದ್ದು. ಛಲೋದು ಆರಿಸಿ ತರೂದು ನನ್ನ ಕೆಲಸ. ನನ್ನ ಕೆಲಸ ನಾ ಮಾಡತೀನಿ."

ರಾಚಣ್ಣನ ಅಂಗಡಿ ಪೇಟೆಯ ನಡುವೆ. ಮದುವೆಯ ಚಾಳೀಸೆಂದರೆ ಅವನದೇ. ಸಾವಂತ್ರಕ್ಕ ಒಳಗೆ ಬಂದದ್ದೇ ತಡ, ಕೆಂಪು ಮಖಮಲ್ಲಿನ ಮೇಲೆ ಒಂದೊಂದಾಗಿ ಇಡತೊಡಗಿದ. ಬಂಗಾರದ ನೀರಿನ ಕಾಲಿನದು, ನವಿಲುಗರಿ ಕೊರೆದದ್ದು, ಗಾಜಿನಲ್ಲಿ ಎದುರಿನವರ ಮುಖ ಕಾಣುವಂಥದ್ದು.

"ಇದನ್ನ ನೋಡ್ರಿ ಅಕ್ಕಾರ, ಇದರಷ್ಟು ಕರೀದು ಇಡೀ ಪೇಟ್ಯಾಗ ಸಿಗಂಗಿಲ್ಲ. ಸೂರ್ಯನ್ನ ನೋಡಿದರ ತಣ್ಣನ ಚಂದ್ರ ಕಂಡಂಗ ಕಾಣಬೇಕು!"

"ಚಂದ್ರನ್ನ ನೋಡಕೋತ ಬಸ್ ಹೆಂಗ ಹೊಡೀತಾರೋ ರಾಚಣ್ಣ? ಕರೀ ಬಣ್ಣದ ಮಾತು ಬಿಡು. ನೇರಳಾತೀತ ಕಿರಣ ತಡೀತೈತೇನು?"

ರಾಚಣ್ಣನ ಕೈ ನಿಂತಿತು. ಅವನನ್ನು ಹಾಗೆ ಕೇಳಿದವರು ಅಷ್ಟರ ತನಕ ಯಾರೂ ಇರಲಿಲ್ಲ. ಆದರೆ ವ್ಯಾಪಾರಿಯಾದರೂ ಸುಳ್ಳುಗಾರನಲ್ಲ, ಕೆನ್ನೆ ಕೆರೆದುಕೊಂಡು, "ಈ ಸಾಲಿನಾಗಿಂದು ನಾ ಹೇಳಲಾರೆ. ಹಿಂದ ಒಂದು ಡಬ್ಬಿ ಐತಿ, ಗಣಿಯ ಎಂಜಿನಿಯರ್ ಮಂದಿ ಒಯ್ತಾರ. ಮದುವಿಗೆ ಅದನ್ನ ಯಾರೂ ಮುಟ್ಟಂಗಿಲ್ಲ. ಕಪ್ಪಿ ಕಣ್ಣಿನಂಗ ಕಾಣತಾವ" ಎಂದ.

"ಕಪ್ಪಿ ಕಣ್ಣಿಗೆ ಏನ ಕಡಿಮಿ ಆಗೈತಿ? ತಗೊಂಬಾ."

ಅವು ಚಂದವಿರಲಿಲ್ಲ, ನಿಜ. ಸಾವಂತ್ರಕ್ಕ ಒಂದೊಂದನ್ನೇ ನನ್ನ ಮುಖಕ್ಕೆ ಏರಿಸಿ, ಹುಬ್ಬಿನ ಹತ್ತಿರ ಬೆರಳು ತೂರಿಸಿ, ಬಾಗಿಲಿಗೆ ಕರೆದೊಯ್ದು ಬಿಸಿಲಿಗೆ ನಿಲ್ಲಿಸಿ, "ಎಲ್ಲಿಂದ ಬೆಳಕು ನುಗ್ಗತೈತಿ ಹೇಳು" ಎಂದು ಕೇಳುತ್ತಿದ್ದಳು. ಕೊನೆಗೆ ಪಕ್ಕದಲ್ಲಿ ಅಂಗೈಯಗಲದ ದಪ್ಪ ಕಾಲುಗಳಿದ್ದ ಒಂದನ್ನು ಎತ್ತಿ, "ಇದರಾಗ ಒಂದು ಎಳಿ ಬೆಳಕೂ ಬರಂಗಿಲ್ಲ. ಇದನ್ನ ಕಟ್ಟು" ಎಂದಳು.

"ಅದು ಬ್ಯಾಡ."

ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು, ರಜೆಯ ದಿನವೂ ಬಿಡದ ಟಿಕೆಟ್ ಚೀಲ ಹೆಗಲಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಯಾರ ಮುಖವನ್ನೂ ನೋಡದೆ ಹೇಳಿದಳು.

"ಅಷ್ಟು ದಪ್ಪ ಕಾಲು ಇದ್ದರ ಅಪ್ಪಗ ಪಕ್ಕದ ಕನ್ನಡಿ ಕಾಣಂಗಿಲ್ಲ. ಗಣಿ ತಿರುವಿನಾಗ ಅವ ತಲಿ ಹೊಳ್ಳಸಂಗಿಲ್ಲ, ಕಣ್ಣಷ್ಟ ಹೊಳ್ಳಸತಾನ. ಲಾರಿ ಬಂದರ ಗೊತ್ತಾಗಂಗಿಲ್ಲ. ಕಾಲು ದಪ್ಪ ಬ್ಯಾಡ, ಗಾಜು ತಾನ ಪಕ್ಕಕ್ಕ ಬಾಗಿರಬೇಕು."

ಸಾವಂತ್ರಕ್ಕ ಕೈಯಲ್ಲಿದ್ದುದನ್ನು ಮಖಮಲ್ಲಿನ ಮೇಲಿಟ್ಟಳು. "ಇದು ನನಗ ಹೊಳೀಲೇ ಇಲ್ಲ. ಬಾ, ನೀನ ನೋಡು."

ಕಸ್ತೂರಿ ಬಂದಳು. ಡಬ್ಬಿಯೊಳಗೆ ಕೈ ಹಾಕಿ ಬಹಳ ಹೊತ್ತು ತಡಕಾಡಿದಳು. ಕಂದು ಗಾಜಿನ ಒಂದನ್ನು ತೆಗೆದು ತಾನೇ ಹಾಕಿಕೊಂಡು, ಡ್ರೈವರ್ ಸೀಟಿನಲ್ಲಿ ಕೂತವಳ ಹಾಗೆ ಕೈ ಮುಂದೆ ಚಾಚಿ, ಕಣ್ಣುಗಳನ್ನಷ್ಟೇ ಎಡಕ್ಕೆ, ಬಲಕ್ಕೆ ಹೊರಳಿಸಿದಳು. ಕಾಲು ತೆಳ್ಳಗಿತ್ತು, ಗಾಜು ಕಿವಿಯ ಕಡೆಗೆ ಬಾಗಿಕೊಂಡಿತ್ತು. "ಎರಡೂ ಕಡೆ ಕಾಣತೈತಿ" ಎಂದಳು. ಮೂವರೂ ಅದನ್ನು ಹಿಡಿದುಕೊಂಡು ಮತ್ತೆ ದವಾಖಾನೆಗೆ ನಡೆದೆವು. ಡಾಕ್ಟರ್ ಗುಂಡಿ ಒತ್ತಿದರು. ಯಂತ್ರ ಸೊನ್ನೆ ತೋರಿಸಿತು. ಕಸ್ತೂರಿ ಅದನ್ನೇ ನೋಡುತ್ತ ನಿಂತಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಅವ್ವ ಇದ್ದಿದ್ದರ ಇದನ್ನ ನೋಡಿ ಭಾಳ ನಗತಿದ್ಲು. ಇದೇನ ಕಪ್ಪಿ ಅಂತಿದ್ಲು" ಎಂದಳು. "ನಕ್ಕು?" ಎಂದಳು ಸಾವಂತ್ರಕ್ಕ. "ನಕ್ಕು ಹಾಕತಿದ್ಲು" ಎಂದಳು ಕಸ್ತೂರಿ.

ಮದುವೆಯ ದಿನ ಆಕಾಶ ತೊಳೆದ ಹಾಗಿತ್ತು. ಸೂರ್ಯ ಬಂದು ನಿಂತ. ಹಪ್ಪಳದ ಬಯಲಿನಲ್ಲೇ ಚಪ್ಪರ ಹಾಕಿದ್ದೆವು. ಚಾಳೀಸು ಏರಿಸುವಾಗ ಮಾತ್ರ ಚಪ್ಪರದಿಂದ ಆಚೆ ಬಿಸಿಲಿಗೆ ಬಂದು ನಿಲ್ಲಬೇಕು. ತಾಳಿ ಆಯಿತು, ಅಕ್ಕಿಕಾಳು ಬಿತ್ತು, ಇಬ್ಬರೂ ಆಚೆ ಬಂದರು. ಸಾವಂತ್ರಕ್ಕ ಕಂದು ಚಾಳೀಸಿನ ಕಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಳು. ಹಿರಿಯರಲ್ಲಿ ಗುಸುಗುಸು ಎದ್ದಿತು. ಬಸಲಿಂಗಪ್ಪ ಎರಡೂ ಕೈ ಕಿವಿಯ ತನಕ ತಂದ. ಇಳಿಸಿದ. ಮತ್ತೆ ತಂದ. ಅವನ ಬೆರಳುಗಳು ಆ ದಾರ ಸುತ್ತಿದ ಕಾಲುಗಳ ಮೇಲೆ ಇದ್ದವು, ಎಳೆಯಲು ಆಗುತ್ತಿರಲಿಲ್ಲ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಗಡಿಬಿಡಿ ಇಲ್ರಿ" ಎಂದಳು ಸಾವಂತ್ರಕ್ಕ ಮೆಲ್ಲಗೆ.

ಆಗ ಕಸ್ತೂರಿ ಎದ್ದು ಬಂದಳು. ಅಪ್ಪನ ಎದುರಿಗೆ ನಿಂತು, "ಅಪ್ಪಾ, ಕಣ್ಣ ಮುಚ್ಚು" ಎಂದಳು. ಅವನು ಮುಚ್ಚಿದ. ಮಗಳು ಆ ದುಂಡು ಚಾಳೀಸನ್ನು ಕಿವಿಗಳಿಂದ ಬಿಡಿಸಿ, ಕಾಲು ಮಡಚಿ, ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. "ಇದನ್ನ ಅವ್ವನ ಫೋಟೋದ ಹತ್ರ ನಾ ಇಡತೀನಿ. ನೀ ಹಾಕಿಸ್ಕೋ." ಅವನ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು. ಮೂಗಿನ ಎರಡೂ ಕಡೆ ಆ ಚಾಳೀಸು ಕೂತು ಕೂತು ಬಿದ್ದಿದ್ದ ಗುಳಿಗಳು ಬೆಳ್ಳಗೆ ಕಾಣುತ್ತಿದ್ದವು. ಸಾವಂತ್ರಕ್ಕ ತನ್ನ ಹೆಬ್ಬೆರಳಿನಿಂದ ನೀರು ಒರೆಸಿ, ಹೊಸದನ್ನು ಏರಿಸಿದಳು.

"ಇದೇನ್ಲೇ, ಒಳಗಿಂದು ಕಣ್ಣ ಕಾಣತಾವಲ್ಲ!" ಎಂದರು ಹಿರಿಯರೊಬ್ಬರು.

ಈಗ ಬಸಲಿಂಗಪ್ಪನ ಸರದಿ. ಅವನು ಅಂಗಿಯ ಜೇಬಿನಿಂದ ಬೂದು ಗಾಜಿನ, ಅಗಲವಾದ, ಬಾಗಿದ ಚಾಳೀಸೊಂದನ್ನು ತೆಗೆದು ಸಾವಂತ್ರಕ್ಕನಿಗೆ ಹಾಕಿದ. ಅವಳು ಆ ಚಪ್ಪರದ ಮುಂದೆಯೇ ಹುಬ್ಬಿನ ಹತ್ತಿರ ಬೆರಳು ತೂರಿಸಿ ನೋಡಿದಳು. ನಾವೆಲ್ಲ ನಕ್ಕೆವು.

"ಯಂತ್ರದಾಗ ತೋರಿಸೀರೇನು?" ಎಂದು ಕೇಳಿದಳು.

"ಅವತ್ತು ನೀವು ಕರಕೊಂಡು ಹೋಗಿದ್ರಲ್ಲ, ಅದರ ಮರುದಿನನ ತೋರಿಸಿದೆ" ಎಂದ ಅವನು. "ನಂದು ಬಿಡ್ರಿ, ನೀವು ಬರೇ ಟೊಪ್ಪಿಗಿ ಹಾಕ್ಕೊಂಡು ಬಿಸಲಾಗ ನಿಂತಿರತೀರಿ. ಬೆಳ್ಳನ್ನ ಕಲ್ಲಿನ ಝಳ ಕೆಳಗಿಂದ ಬಡೀತೈತಿ ಅಂತ ಡಾಕ್ಟರ್ ಬಾಯಿ ಹೇಳಿದ್ರು."

ಸಾವಂತ್ರಕ್ಕ ಚಾಳೀಸನ್ನು ಎರಡೂ ಕೈಯಿಂದ ಕಿವಿಯ ಹಿಂದೆ ಸರಿಯಾಗಿ ಕೂರಿಸಿಕೊಂಡಳು. ದವಾಖಾನೆಯಿಂದ ಮಾತಿಲ್ಲದೆ ಎದ್ದು ಹೋದವನು ಮರುದಿನವೇ ಒಬ್ಬನೇ ಹೋಗಿ ಅವಳ ಕಣ್ಣಿಗೆಂದು ಆರಿಸಿ ತಂದಿದ್ದ.

ಮುಂದೆ ಆ ದುರ್ಮಾಂಸವನ್ನು ಡಾಕ್ಟರ್ ತೆಗೆದರು, ಅದು ಮತ್ತೆ ಬೆಳೆಯಲಿಲ್ಲ. ಊರಿನ ಗಂಡಹೆಂಡಿರು ತಮ್ಮ ತಮ್ಮ ಚಾಳೀಸು ಹಿಡಿದುಕೊಂಡು ದವಾಖಾನೆಗೆ ಹೋಗತೊಡಗಿದರು, ಕೆಲವು ಮನೆಗಳಲ್ಲಿ ಜಗಳವೂ ಆಯಿತು. ರಾಚಣ್ಣ ಹಿಂದಿನ ಡಬ್ಬಿಯನ್ನು ಮುಂದಿನ ಸಾಲಿಗೆ ತಂದ. ಅದೆಲ್ಲ ಆಮೇಲಿನ ಮಾತು.

ಅವತ್ತು ಊಟ ಮುಗಿದರೂ ಸೂರ್ಯ ಹೊರಳಿರಲಿಲ್ಲ. ಬಸ್ಸು ಬಿಡುವ ಹೊತ್ತಾಗಿತ್ತು. ಬದಲಿ ಡ್ರೈವರ್ ಇರಲಿಲ್ಲ. ಮದುಮಗನೇ ಬಾಸಿಂಗ ಬಿಚ್ಚಿಟ್ಟು ಸ್ಟೇರಿಂಗ್ ಹಿಡಿದ. ಅವನ ಹಿಂದಿನ ಸೀಟಿನಲ್ಲಿ ಸಾವಂತ್ರಕ್ಕ, ಬಾಗಿಲಲ್ಲಿ ಕಸ್ತೂರಿ, ಬೀಗರ ಜೊತೆ ನಾನು. ಬಸ್ಸು ಎಂದಿಗಿಂತ ಮೆಲ್ಲಗೆ ಹೊರಟಿತು. ಶಾಲೆಯ ಹತ್ತಿರ ಬಂದಾಗ ಬಸಲಿಂಗಪ್ಪ, "ಶಾಲಿ ಗ್ವಾಡಿ ಹಳದಿ ಐತಲ್ಲ?" ಎಂದ. ಯಾವಾಗಿನಿಂದಲೋ ಹಳದಿಯೇ ಎಂದಳು ಕಸ್ತೂರಿ. ಸ್ವಲ್ಪ ಮುಂದೆ ಹೋಗಿ, "ಆ ಗಿಡದಾಗ ಹೂ ಅದಾವು. ಕೆಂಪು" ಎಂದ. ಗಣಿಯ ದಾರಿ ಇನ್ನೂ ದೂರವಿತ್ತು. ಊರಿನ ಕದಗಳು, ಬೋರ್ಡುಗಳು, ಹಗ್ಗದ ಮೇಲೆ ಒಣ ಹಾಕಿದ ಬಟ್ಟೆಗಳು ಒಂದೊಂದಾಗಿ ದಾಟುತ್ತಿದ್ದವು. ಅವನು ಇದ್ದಕ್ಕಿದ್ದ ಹಾಗೆ ಬ್ರೇಕ್ ಹಾಕಿ, ಹಿಂದೆ ತಿರುಗಿ ಸಾವಂತ್ರಕ್ಕನನ್ನು ನೋಡಿದ.

"ನಿಮ್ಮ ಸೀರಿ ಹಸರಿತ್ತೇನು?"

"ಮತ್ತೇನ ಕರೀದು ಅನಕೊಂಡಿದ್ರಿ? ಮದುವ್ಯಾಗ ಯಾರರ ಕರೀ ಸೀರಿ ಉಡತಾರೇನ್ರಿ?"

"ಹಸರು" ಎಂದು ಅವನು ಮತ್ತೊಮ್ಮೆ ಹೇಳಿದ. ತಿರುಗಿದ ಮುಖ ತಿರುಗಿಯೇ ಇತ್ತು.

"ಅಪ್ಪಾ" ಎಂದಳು ಕಸ್ತೂರಿ ಸೀಟಿ ಊದಿ, "ರಸ್ತೆ ನೋಡು."